ಜಗಳ ಕೇಳುವ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನಿಗೆ ಜಗಳವೆಂದರೆ ಪ್ರಾಣ. ಹೀಗೆಂದ ಕೂಡಲೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಬೀದಿಗಿಳಿದ ಹೆಂಗಸನ್ನು ಕಲ್ಪಿಸಿಕೊಂಡರೆ ತಪ್ಪಾಗುತ್ತದೆ. ಅವರು ಜಗಳ ಆಡುವುದಿಲ್ಲ, ಕೇಳುತ್ತಾರೆ. ಉಳಿದವರು ಸಂಗೀತ ಕಚೇರಿಯಲ್ಲಿ ಕೂತು ತಲೆದೂಗುವಂತೆ ಅವರು ಪರರ ಜಗಳದ ಮುಂದೆ ನಿಂತು ತಲೆದೂಗುತ್ತಾರೆ. ದೆಹಲಿಯಲ್ಲಿ ಇಂಥ ರಸಿಕರಿಗೆ ಜಗಳದ ಕೊರತೆಯುಂಟೆ? ಹಾಲಿನ ಬೂತಿನಿಂದ ಹಿಡಿದು ಪಾರ್ಕಿಂಗ್ ಜಾಗದವರೆಗೆ ಎಲ್ಲಾದರೊಂದು ಕಡೆ ಕಚೇರಿ ನಡೆದೇ ಇರುತ್ತದೆ.

ಚಿಕ್ಕಮ್ಮ ನೋಯ್ಡಾದ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಕಾನೂನು ಪಾಠ ಹೇಳುತ್ತಾರೆ. ಚಿಕ್ಕಪ್ಪ ಕೇಂದ್ರ ಸರ್ಕಾರದಲ್ಲಿ ಅಧಿಕಾರಿ. ಹಾಗಾಗಿ ಮನೆ ಲೋಧಿ ಕಾಲೋನಿಯ ಸರ್ಕಾರಿ ಫ್ಲ್ಯಾಟು. ನೋಯ್ಡಾದಲ್ಲಿ ಕೆಲಸ ಸಿಕ್ಕಾಗ ನಾನು ಅವರ ಮನೆಯಲ್ಲೇ ಠಿಕಾಣಿ ಹೂಡಿದೆ. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಮೆಟ್ರೊ ಹತ್ತುತ್ತಿದ್ದೆವು. ಒಟ್ಟಿಗೆ ಇಳಿಯುವ ಭರವಸೆ ಮಾತ್ರ ಇರಲಿಲ್ಲ. ಒಂದು ದಿನ ಸೀಟಿನ ಮೇಲೆ ಚೀಲ ಇಟ್ಟವಳಿಗೂ ಅದನ್ನು ಎತ್ತಿಟ್ಟವಳಿಗೂ ಹತ್ತಿಕೊಂಡಿತು. ನಮ್ಮ ನಿಲ್ದಾಣ ಬಂತು. ನಾನು ಕೈ ಹಿಡಿದು ಎಳೆದರೆ ಚಿಕ್ಕಮ್ಮ ಕೊಸರಿಕೊಂಡರು.

"ಇರೋ, ಚೀಲದವಳ ವಾದ ಇನ್ನೂ ಶುರುವೇ ಆಗಿಲ್ಲ."

ಬಾಗಿಲು ಮುಚ್ಚಿತು. ಅವರು ಕೊನೆಯ ನಿಲ್ದಾಣದವರೆಗೂ ಹೋಗಿ ವಾಪಸು ಬಂದರಂತೆ. ತಡವಾಗಿ ಕ್ಲಾಸಿಗೆ ಹೋಗಿ, ಸೀಟು ಕೂತವರದೋ ಹಿಡಿದಿಟ್ಟವರದೋ ಎಂದು ಅದನ್ನೇ ಪಾಠ ಮಾಡಿದರಂತೆ.

ಈ ಹುಚ್ಚು ಎಲ್ಲಿಂದ ಬಂತು ಎಂಬ ಕುತೂಹಲದಿಂದ ನಾನೊಮ್ಮೆ ಅವರ ಕಾಲೇಜು ನೋಡಲು ಹೋಗಿದ್ದೆ. ಅಣಕು ನ್ಯಾಯಾಲಯದ ಭವನ ನೋಡಿ ದಂಗಾದೆ. ಕೆಂಪು ಜಮಖಾನ, ಎತ್ತರದ ಪೀಠ, ಥಣ್ಣನೆಯ ಏಸಿ! ಕಪ್ಪು ಕೋಟಿನ ಮಕ್ಕಳು ಹುಟ್ಟು ವಕೀಲರಂತೆ ಇಂಗ್ಲಿಷಿನಲ್ಲಿ ವಾದಿಸುತ್ತಿದ್ದರು. ಯಾರು ಯಾರಿಗೆ ಏನು ಮಾಡಿದರೆಂಬುದು ಅವರಿಗೆ ಮೊದಲೇ ಅಚ್ಚಾಗಿ ಬರುತ್ತದೆ. ಚಿಕ್ಕಮ್ಮನ ಚಿಂತೆಯೇ ಅದು. ಐದು ವರ್ಷ ಕಾನೂನು ಓದಿ, ಕಷ್ಟದಲ್ಲಿರುವ ಒಬ್ಬ ಮನುಷ್ಯನ ಮಾತನ್ನೂ ಪೂರ್ತಿ ಕೇಳದೆ ಇವರು ಹೊರಗೆ ಹೋಗುತ್ತಾರಲ್ಲ ಎಂದು. ಚಿಕ್ಕಮ್ಮ ಓದಿದ್ದು ಸಂಜೆ ಕಾಲೇಜಿನಲ್ಲಿ. ಆಫೀಸು ಮುಗಿಸಿ ಬಂದವರಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು, ಇನ್ನರ್ಧ ಜನ ತಮ್ಮ ತಮ್ಮ ವ್ಯಾಜ್ಯ ಹೇಳಿಕೊಳ್ಳುತ್ತಿದ್ದರು. ಹಾಗಾದರೆ ಆ ಕಾಲವೇ ಚೆನ್ನಾಗಿತ್ತೆ ಎಂದೆ. "ಇಲ್ಲಪ್ಪ. ಆಗ ಪಾಠವೇ ಇರಲಿಲ್ಲ. ಈಗ ಪಾಠ ಮಾತ್ರ ಇದೆ" ಎಂದರು.

ಈ ಕೊರತೆ ನೀಗಿಸಲು ಒಂದು ದಿನ ಅವರು ಜಗಳವನ್ನೇ ಕ್ಲಾಸಿಗೆ ಕರೆತಂದರು. ಗೇಟಿನ ಮುಂದಿನ ಜಾಗಕ್ಕಾಗಿ ಚಹಾದಂಗಡಿಯವನಿಗೂ ಇ-ರಿಕ್ಷಾದವನಿಗೂ ನಿತ್ಯ ಕದನ. ಇಬ್ಬರನ್ನೂ "ಚಲೋ ಭಯ್ಯಾ" ಎಂದು ಒಳಗೆ ಕರೆದು ಕೂರಿಸಿದರು. ಮಕ್ಕಳು ಬಾಯಿ ಬಿಡದೆ ಕೇಳಬೇಕು, ಅಷ್ಟೇ. ಕ್ಲಾಸಿಗೆ ಮೊದಲಿಗನಾದ ಹುಡುಗ ತಡೆಯಲಾರದೆ ನಡುವೆಯೇ ಯಾವುದೋ ಸೆಕ್ಷನ್ ಹೇಳಿಬಿಟ್ಟ. ಅದಕ್ಕಿಂತ ದೊಡ್ಡ ಅನಾಹುತ ಮುಂದೆ ಆಯಿತು. ಏಸಿಯ ತಂಪಿಗೆ, ಎದುರಿಗೆ ಅಷ್ಟೊಂದು ಜನ ಕಂಡು ಜಗಳಗಂಟರಿಬ್ಬರೂ ಸಂಕೋಚದಿಂದ ಮೆತ್ತಗಾದರು. ಮೊದಲು ನೀವು ಹೇಳಿ, ಇಲ್ಲ ನೀವೇ ಹೇಳಿ ಎಂದು ಉಪಚಾರ ಶುರುವಾಗಿ, ಕೊನೆಗೆ ಹೆಗಲ ಮೇಲೆ ಕೈ ಹಾಕಿಕೊಂಡು ಹೊರಟೇ ಹೋದರು. ಪಾಠ ಕೆಟ್ಟಿತೆಂದು ಚಿಕ್ಕಮ್ಮ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ವಿಭಾಗದ ಮುಖ್ಯಸ್ಥರು ಕರೆಸಿ, ಅತಿಥಿಗಳೆಂದರೆ ನಿವೃತ್ತ ನ್ಯಾಯಾಧೀಶರಂಥವರಿರಬೇಕು ಎಂದು ಬುದ್ಧಿ ಹೇಳಿದರು. ಅವರು ಬರುವಾಗ ಜಗಳ ತರುತ್ತಾರೆಯೇ ಎಂದು ಚಿಕ್ಕಮ್ಮ ಕೇಳಿದರು. ಮುಖ್ಯಸ್ಥರು ಸುಸ್ತಾಗಿ ಕಾನೂನು ನೆರವು ಕೇಂದ್ರದ ಬೀಗದ ಕೈ ಕೊಟ್ಟರು. ಅಂಥದೊಂದು ಕೇಂದ್ರ ಇರಲೇಬೇಕೆಂದು ನಿಯಮವಿದೆ. ಇತ್ತು ಕೂಡ: ಬಾಗಿಲ ಮೇಲೆ ಬೋರ್ಡು, ಒಳಗೆ ಮುರಿದ ಕುರ್ಚಿಗಳು. ಈ ಸೆಮಿಸ್ಟರಿನಲ್ಲಿ ಜನ ಬಾರದಿದ್ದರೆ ಕೋಣೆ ಪ್ಲೇಸ್‌ಮೆಂಟ್ ವಿಭಾಗಕ್ಕೆ ಹೋಗುತ್ತದೆಂದು ಮುಖ್ಯಸ್ಥರು ಮೊದಲೇ ಹೇಳಿದ್ದರು.

ಚಿಕ್ಕಮ್ಮ ಮಕ್ಕಳನ್ನು ಸೇರಿಸಿ ಕೋಣೆ ಗುಡಿಸಿದರು. ಶನಿವಾರಗಳಂದು ಬಾಗಿಲು ತೆರೆದು ಕೂತರು. ಬಂದವರು ಹೇಳಿ ಮುಗಿಸುವವರೆಗೂ ಯಾರೂ ತುಟಿ ಬಿಚ್ಚಬಾರದೆಂದು ಕಟ್ಟಪ್ಪಣೆ. ಮೊದಲು ಬಂದವನು ಜೆರಾಕ್ಸ್ ಅಂಗಡಿ ಎಲ್ಲಿ ಎಂದು ಕೇಳಿ ಹೋದ. ಆಮೇಲೆ ಮಾಲೀಕ ಮನೆ ಬಿಡಿಸಿದವರು, ಗಂಡ ಬಿಟ್ಟುಹೋದವರು ಒಬ್ಬೊಬ್ಬರಾಗಿ ಬರತೊಡಗಿದರು. ಮಕ್ಕಳೂ ಕೇಳುವುದನ್ನು ಕಲಿಯುತ್ತಿದ್ದರು.

ಅಷ್ಟರಲ್ಲಿ ಚಿಕ್ಕಪ್ಪನ ನಿವೃತ್ತಿ ಹತ್ತಿರ ಬಂತು. ಸರ್ಕಾರಿ ಮನೆ ಬಿಡಬೇಕು. ಚಿಕ್ಕಮ್ಮ ಯಾರನ್ನೂ ಕೇಳದೆ, ತಮ್ಮ ಕೆಲಸ ಬಿಟ್ಟು ಊರಾದ ತುಮಕೂರಿಗೆ ವಾಪಸು ಎಂದು ತೀರ್ಪು ಕೊಟ್ಟಾಗಿತ್ತು. ಚಿಕ್ಕಪ್ಪ ಬಾಯಿ ತೆರೆದಾಗಲೆಲ್ಲ, ನೀವು ಚಿಂತೆ ಮಾಡಬೇಡಿ, ಎಲ್ಲ ತೀರ್ಮಾನವಾಗಿದೆ ಎಂದು ಚಿಕ್ಕಮ್ಮ ಹೇಳುತ್ತಿದ್ದರು.

ಒಂದು ಶನಿವಾರ ನಾನು ಚಿಕ್ಕಮ್ಮ ಮರೆತುಹೋದ ಊಟದ ಡಬ್ಬಿ ಹಿಡಿದು ಕೇಂದ್ರಕ್ಕೆ ಹೋದೆ. ಒಳಗೆ ವಿದ್ಯಾರ್ಥಿನಿಯೊಬ್ಬಳ ಮುಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದವರು ಯಾರು? ನಮ್ಮ ಚಿಕ್ಕಪ್ಪ! ಓಖ್ಲಾದ ಸ್ನೇಹಿತನನ್ನು ನೋಡಿ ಬರುತ್ತೇನೆಂದು ಮನೆಯಲ್ಲಿ ಹೇಳಿ ಹೊರಟಿದ್ದರು. ಪಕ್ಕದ ಮೇಜಿನಲ್ಲಿ ಚಿಕ್ಕಮ್ಮ ಬೆನ್ನು ತಿರುಗಿಸಿಕೊಂಡು ಇನ್ಯಾರ ಮಾತನ್ನೋ ಕೇಳುತ್ತಿದ್ದರು.

ದೂರು ಯಾರ ಮೇಲೆ ಎಂದು ಹುಡುಗಿ ಕೇಳಿದಳು. ಹೆಂಡತಿಯ ಮೇಲೆ, ಅಲ್ಲಿ ಕೂತಿದ್ದಾರಲ್ಲ ಎಂದು ಚಿಕ್ಕಪ್ಪ ಹಿಂದಿಯಲ್ಲಿ ಹೇಳಿದರು. ಹುಡುಗಿಯ ಪೆನ್ನು ನಿಂತಿತು. ತುಟಿ ಮಾತ್ರ ಬಿಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಚಿಕ್ಕಪ್ಪನ ಹಿಂದಿ ಮುಗಿದು ಕನ್ನಡ ಶುರುವಾಯಿತು.

"ನಂಗೆ ತುಮಕೂರಿಗೆ ಹೋಗೋಕೆ ಇಷ್ಟ ಇಲ್ಲಮ್ಮ. ನನಗೋಸ್ಕರ ಅಂತ ಇವಳು ಕೆಲಸ ಬಿಡ್ತಾ ಇದ್ದಾಳೆ. ನಾನು ಕೇಳಿದ್ನಾ?"

ಕನ್ನಡ ಕಿವಿಗೆ ಬಿದ್ದು ಚಿಕ್ಕಮ್ಮ ತಿರುಗಿದರು. ಎದ್ದು ಬಂದು ಹುಡುಗಿಯ ಪಕ್ಕ ಕೂತು, ಏನೋ ಹೇಳಲು ಬಾಯಿ ತೆರೆದರು. ಒಂದಕ್ಷರ ಕನ್ನಡ ಬಾರದ ಆ ಹುಡುಗಿ ಮೆಲ್ಲಗೆ, "ಮ್ಯಾಮ್, ಅವರದು ಇನ್ನೂ ಮುಗಿದಿಲ್ಲ" ಎಂದು ಹಿಂದಿಯಲ್ಲಿ ತಡೆದಳು.

ಚಿಕ್ಕಪ್ಪ ಮೇಜನ್ನೇ ನೋಡುತ್ತಾ ಮಾತು ಮುಂದುವರಿಸಿದರು.

"ಇಷ್ಟು ವರ್ಷ ನಾನು ಫೈಲು ನೋಡಿದೆ, ನೀನು ಒಬ್ಬಳೇ ಈ ಊರು ಸುತ್ತಿದೆ. ಇಲ್ಲೇ ಎಲ್ಲಾದ್ರೂ ಒಂದು ಸಣ್ಣ ಬಾಡಿಗೆ ಮನೆ ಮಾಡೋಣ. ನೀನು ಹೋಗೋ ಕಡೆಗೆಲ್ಲ ನನ್ನನ್ನೂ ಕರ್ಕೊಂಡು ಹೋಗು."

ಹುಡುಗಿಗೆ ಮಾತು ಅರ್ಥವಾಗದಿದ್ದರೂ ಅವಳು ಪೆನ್ನು ಕೆಳಗಿಟ್ಟಳು. ಚಿಕ್ಕಮ್ಮ ಮೇಜಿನ ಆಚೆಯಿಂದ ಎದ್ದು ಈಚೆ ಬಂದು, ಚಿಕ್ಕಪ್ಪನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತರು.