ಹದಿನಾರಾಣೆ ಬಣ್ಣದ ಕಾರ್ಡು

ಎರಡು ವಸ್ತುಗಳನ್ನು ಪಕ್ಕಪಕ್ಕದಲ್ಲಿಟ್ಟು, ಹೋಲಿಸಿ, ಒಳ್ಳೆಯದನ್ನು ಆರಿಸುವ ವಿದ್ಯೆಯಲ್ಲಿ ನನಗೆ ಸರಿಸಮಾನರು ಚರ್ಚ್‌ಗೇಟಿನಿಂದ ವಿರಾರಿನವರೆಗೆ ಯಾರೂ ಇಲ್ಲವೆಂದು ನಾನು ನಂಬಿದ್ದ ಕಾಲ ಅದು. ನಂಬಿಕೆಗೆ ಆಧಾರವೂ ಇತ್ತು. ಆಫೀಸಿನಲ್ಲಿ ನಾನಿದ್ದದ್ದೇ ಖರೀದಿ ವಿಭಾಗದಲ್ಲಿ. ಗುಂಡುಸೂಜಿಯಿಂದ ಕಬ್ಬಿಣದ ಬೀರುವಿನವರೆಗೆ ಏನು ಕೊಳ್ಳಬೇಕಾದರೂ ಕೊಟೇಶನ್ ತರಿಸುವುದು, ಹದಿನಾಲ್ಕು ಕಾಲಂಗಳ ತುಲನಾ ಪಟ್ಟಿ ಬರೆಯುವುದು, ಹದಿನಾಲ್ಕನೆಯ ‘ಷರಾ’ ಕಾಲಂನಲ್ಲಿ ನನ್ನ ಅಮೂಲ್ಯ ಅಭಿಪ್ರಾಯವನ್ನು ನಮೂದಿಸಿ ಮೇಲಿನವರಿಗೆ ಕಳಿಸುವುದು, ಇದು ನನ್ನ ಕೆಲಸ. ಮೇಲಿನವರು ಅದನ್ನು ಓದುತ್ತಿದ್ದರೋ ಇಲ್ಲವೋ ತಿಳಿಯದು. ಸಹಿಯಂತೂ ಹಾಕುತ್ತಿದ್ದರು.

ಮಲಾಡಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಆಗಲೇ ಒಂದು ಕಂಪ್ಯೂಟರ್ ಇತ್ತು. ಇಡೀ ಬಿಲ್ಡಿಂಗಿಗೆ ಅದೊಂದೇ. ನನ್ನದಲ್ಲ, ನನ್ನ ಹೆಂಡತಿ ಶಾರದೆಯದು. ಮೈಸೂರಿನಲ್ಲಿ ಟೈಪಿಂಗ್ ಸೀನಿಯರ್ ಪಾಸಾದ ಅವಳು, ಬಾಗಿಲು ಹಾಕಿದ ಯಾವುದೋ ಆಫೀಸಿನಿಂದ ಹಳೆಯ ಕಂಪ್ಯೂಟರನ್ನೂ ಅದರ ಜೊತೆಗೊಂದು ಪ್ರಿಂಟರನ್ನೂ ಕೊಂಡು, ಜನರ ಥೀಸಿಸ್ಸು, ಬಯೋಡೇಟಾ, ಸೊಸೈಟಿಯ ನೋಟಿಸು ಎಲ್ಲವನ್ನೂ ಟೈಪ್ ಮಾಡಿಕೊಡುತ್ತಿದ್ದಳು. ಪರದೆಯ ಮೇಲೆ ಅಕ್ಷರಗಳು ಹಸಿರಾಗಿ ಹೊಳೆಯುತ್ತಿದ್ದವು. ಅವಳ ಕೆಲಸ ಮುಗಿದ ಮೇಲೆ, ಹನ್ನೊಂದು ವರ್ಷದ ಮಗಳು ರಶ್ಮಿ ಅದರಲ್ಲೇ ವಿಮಾನದ ಆಟ ಆಡುತ್ತಿದ್ದಳು.

ಒಂದು ದಿನ ಅವಳು ಕೇಳಿದಳು:

“ಪಪ್ಪಾ, ಈ ಪ್ಲೇನ್ ಅಸಲಿ ಯಾವ ಕಲರ್? ನಮ್ಮ ಮನೇಲಿ ಸಬ್ ಕುಛ್ ಗ್ರೀನ್. ಸ್ಕೈ ಭೀ ಗ್ರೀನ್, ಬಾಂಬ್ ಭೀ ಗ್ರೀನ್!”

ಈ ಪ್ರಶ್ನೆ ನನ್ನ ಪಿತೃಹೃದಯವನ್ನು ಕಲಕಿತು. ಬಣ್ಣ ಬರಬೇಕಾದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಬೇರೊಂದು ಕಾರ್ಡು ಹಾಕಬೇಕೆಂದು ಆಫೀಸಿನ ಕಂಪ್ಯೂಟರ್ ಕೋಣೆಯವರು ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿದ್ದಿತ್ತು. ಪೂರ್ತಿ ಬಿದ್ದಿರಲಿಲ್ಲ. “ಕಾರ್ಡು ಹಾಕಬೇಕು, ಅದರ ಜೊತೆಗೆ...” ಎನ್ನುವಷ್ಟರಲ್ಲಿ ಲಿಫ್ಟು ಬಂದಿತ್ತು, ನಾನು ಹತ್ತಿದ್ದೆ.

“ರೀ, ಏನು ಬೇಕಾದ್ರೂ ಮಾಡ್ಕೊಳ್ಳಿ, ಸೋಮವಾರ ಕಳೆದ್ಮೇಲೆ ಮಾಡ್ಕೊಳ್ಳಿ,” ಎಂದಳು ಶಾರದೆ. ಬಾಂದ್ರಾದಲ್ಲಿ ಲೆಕ್ಚರರ್ ಆಗಿದ್ದ ಒಬ್ಬ ಅಮ್ಮನ ಥೀಸಿಸ್ಸನ್ನು ಅವಳು ಮೂರು ತಿಂಗಳಿನಿಂದ ಟೈಪ್ ಮಾಡುತ್ತಿದ್ದಳು. ಯೂನಿವರ್ಸಿಟಿಗೆ ಒಪ್ಪಿಸಲು ಸೋಮವಾರವೇ ಕಡೆಯ ದಿನ. ತಪ್ಪಿದರೆ ಆ ಅಮ್ಮನ ಒಂದು ವರ್ಷ ಹೋಗುತ್ತದೆ, ನಮ್ಮವಳ ಹೆಸರೂ ಹೋಗುತ್ತದೆ. “ಕೊನೇ ಎರಡು ಚಾಪ್ಟರ್ ಇನ್ನೂ ಪ್ರಿಂಟ್ ಆಗ್ಬೇಕು. ಅಲ್ಲೀತನಕ ಆ ಡಬ್ಬ ಮುಟ್ಟಿದ್ರೆ ನೋಡಿ ಮತ್ತೆ!”

“ಮುಟ್ಟೋದಿಲ್ಲ ಮಾರಾಯ್ತಿ. ಬರೀ ಹೋಲಿಸಿ ನೋಡ್ಕೊಂಡು ಬರ್ತೀನಿ,” ಎಂದೆ. ಆ ಕ್ಷಣದಲ್ಲಿ ಅದು ನಿಜವೇ ಆಗಿತ್ತು.

ಶನಿವಾರ ಅರ್ಧ ದಿನದ ಆಫೀಸು ಮುಗಿಸಿ ಗ್ರಾಂಟ್ ರೋಡಿನಲ್ಲಿ ಇಳಿದೆ. ಅಲ್ಲೊಂದು ಗಲ್ಲಿಯಲ್ಲಿ ದಸ್ತಗೀರ್ ಭಾಯಿಯ ಅಂಗಡಿ. ಬಿಜಾಪುರದ ಕಡೆಯವರು. ರೇಡಿಯೊ ರಿಪೇರಿಯಿಂದ ಟಿ.ವಿ.ಗೆ, ಟಿ.ವಿ.ಯಿಂದ ಕಂಪ್ಯೂಟರಿಗೆ ಬಡ್ತಿ ಪಡೆದವರು. ನನ್ನ ಕನ್ನಡ ಕೇಳಿದ್ದೇ ಸ್ಟೂಲು ಒರೆಸಿ ಕೊಟ್ಟರು.

“ಎರಡು ಹಳೇ ಕಾರ್ಡ್ ಅದಾವ್ರಿ ಸಾಹೇಬ್ರ. ಇದು ನಾಕು ಬಣ್ಣದ್ದು, ಇದು ಹದಿನಾರು ಬಣ್ಣದ್ದು. ಮನ್ಯಾಗ ಮಾನಿಟರ್ ಎಂಥಾದೈತ್ರಿ? ಬ್ಲ್ಯಾಕ್ ಅಂಡ್ ವೈಟ್ ಐತೇನು?”

ಓದುಗರು ಈ ಪ್ರಶ್ನೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ಬ್ಲ್ಯಾಕ್ ಅಂಡ್ ವೈಟ್ ಎಂದರೆ ಆ ದಿನಗಳಲ್ಲಿ ಸ್ವಲ್ಪ ಅವಮಾನದ ಮಾತು. ಬಿಲ್ಡಿಂಗಿನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಟಿ.ವಿ. ಇದ್ದವರು, ಕಲರ್ ಟಿ.ವಿ. ಇದ್ದವರು ಎಂದು ಎರಡು ಜಾತಿಗಳಿದ್ದವು. ನಾವು ಮೊದಲನೆಯ ಜಾತಿ. ಕಂಪ್ಯೂಟರಿನಲ್ಲಾದರೂ ಆ ಮಾತು ಕೇಳಬೇಕೆ? ನಮ್ಮ ಪರದೆಯಲ್ಲಿ ಬಿಳುಪು ಎಂಬುದು ಹುಡುಕಿದರೂ ಸಿಗದು.

“ಛೇ ಛೇ, ಬ್ಲ್ಯಾಕ್ ಅಂಡ್ ವೈಟ್ ಅಲ್ಲವೇ ಅಲ್ಲ!” ಎಂದೆ, ಎದೆ ಸೆಟೆಸಿ.

“ಹಂಗಾದ್ರ ಭೇಷ್ ಆತು,” ಎಂದರು ದಸ್ತಗೀರ್ ಭಾಯಿ. ಪಾಪ, ನಂಬಿದರು.

ಆಮೇಲೆ ಹೋಲಿಕೆಯ ಮಹಾಯಜ್ಞ ಆರಂಭವಾಯಿತು. ಬ್ಯಾಗಿನಿಂದ ಉದ್ದ ಹಾಳೆ ತೆಗೆದೆ, ಸ್ಕೇಲು ತೆಗೆದೆ, ಹದಿನಾಲ್ಕು ಕಾಲಂ ಗೆರೆ ಎಳೆದೆ. ಎರಡು ಕಾರ್ಡಿಗೂ ಪ್ರತ್ಯೇಕ ಕೊಟೇಶನ್ ಬೇಕು, ಮುಚ್ಚಿದ ಲಕೋಟೆಯಲ್ಲಿ ಕೊಡಿ ಎಂದೆ.

“ಎರಡೂ ನಂದೇ ಅದಾವಲ್ರೀ ಸಾಹೇಬ್ರ! ಯಾರಿಂದ ಮುಚ್ಚಿಡೂದು?”

“ಪದ್ಧತಿ ಅಂದ್ರೆ ಪದ್ಧತಿ, ಭಾಯಿ.”

ಅವರು ತಂಗಿಯ ಮದುವೆಯಲ್ಲಿ ಮಿಕ್ಕಿದ್ದ ಎರಡು ಲಕೋಟೆಗಳಲ್ಲಿ ಬೆಲೆ ಬರೆದು, ಅಂಟಿಸಿ, ನನ್ನ ಕೈಗೆ ಕೊಟ್ಟರು. ನಾನು ಅವರ ಎದುರೇ ಗಂಭೀರವಾಗಿ ಒಡೆದೆ. ನಾಲ್ಕರ ಬೆಲೆಗೆ ಹದಿನಾರರ ಬೆಲೆ ಸರಿಯಾಗಿ ಎರಡರಷ್ಟಿತ್ತು.

ಅಂಗಡಿಯ ದೊಡ್ಡ ಕಲರ್ ಮಾನಿಟರಿಗೆ ಮೊದಲು ನಾಲ್ಕು ಬಣ್ಣದ ಕಾರ್ಡು ಜೋಡಿಸಿ ರಶ್ಮಿಯ ವಿಮಾನದ ಆಟವನ್ನೇ ಹಾಕಿಸಿದೆ. ನಾಲ್ಕು ಬಣ್ಣದಲ್ಲಿ ಒಂದು ಕಪ್ಪು, ಒಂದು ಬಿಳುಪು. ಉಳಿದದ್ದು ಒಂದು ಕಣ್ಣು ಕುಕ್ಕುವ ಗುಲಾಬಿ, ಇನ್ನೊಂದು ತೆಳು ನೀಲಿ. ಸಮುದ್ರ ನೀಲಿ, ಹುಲ್ಲೂ ನೀಲಿ. ಪೈಲಟ್ಟಿನ ಮುಖ ಅಪ್ಪಟ ಗುಲಾಬಿ, ಹೋಳಿ ಆಡಿ ನೇರವಾಗಿ ಡ್ಯೂಟಿಗೆ ಬಂದವನಂತೆ. ಆದರೆ ವಿಮಾನ ಮಾತ್ರ ಫಾಸ್ಟ್ ಲೋಕಲ್! ಪರದೆಯ ಈ ತುದಿಯಿಂದ ಆ ತುದಿಗೆ ನಾಲ್ಕು ಸೆಕೆಂಡು. ಕೈಗಡಿಯಾರ ನೋಡಿ ಬರೆದುಕೊಂಡೆ.

ಹದಿನಾರು ಬಣ್ಣದ ಕಾರ್ಡಿನಲ್ಲಿ ಹುಲ್ಲು ಹುಲ್ಲಿನ ಬಣ್ಣಕ್ಕಿತ್ತು, ಮನುಷ್ಯ ಮನುಷ್ಯನ ಬಣ್ಣಕ್ಕಿದ್ದ. ವಿಮಾನ ಕೆಂಪು! ನನಗೆ ನಿಜವಾಗಿಯೂ ಖುಷಿಯಾಯಿತು. ಮಗಳಿಗೆ ಹೇಳಲು ಉತ್ತರ ಸಿಕ್ಕಿತ್ತು. ಆದರೆ ಅಷ್ಟು ಬಣ್ಣ ಹೊತ್ತುಕೊಂಡು ವಿಮಾನ ಏದುಸಿರು ಬಿಡುತ್ತಾ ಏಳು ಸೆಕೆಂಡಿಗೆ ತಲುಪಿತು. ಎಲ್ಲ ಸ್ಟೇಷನ್ನಿನಲ್ಲೂ ನಿಂತು ಬಂದ ಸ್ಲೋ ಲೋಕಲ್.

ವೇಗವೋ, ಬಣ್ಣವೋ? ಇಂಥ ಸಂದಿಗ್ಧದಲ್ಲಿ ಸಾಮಾನ್ಯರು ತಲೆ ಕೆರೆದುಕೊಳ್ಳುತ್ತಾರೆ. ಖರೀದಿ ವಿಭಾಗದವರು ಭಾಗಾಕಾರ ಮಾಡುತ್ತಾರೆ. ಬಣ್ಣ ನಾಲ್ಕು ಪಟ್ಟು, ಬೆಲೆ ಬರೀ ಎರಡು ಪಟ್ಟು. ಅಂದರೆ ಬಿಡಿ ಬಣ್ಣದ ಲೆಕ್ಕದಲ್ಲಿ ಹದಿನಾರರ ಕಾರ್ಡು ಅರ್ಧ ಬೆಲೆಗೆ ಸಿಕ್ಕಂತೆ! ಸಾಲದ್ದಕ್ಕೆ, ಹದಿನಾರಾಣೆ ಎಂದರೆ ಪೂರ್ತಿ ರೂಪಾಯಿ. ನಾಲ್ಕಾಣೆ ಬಣ್ಣ ಮನೆಗೆ ಒಯ್ದರೆ ಮರ್ಯಾದೆಯೆ? ಕಾರ್ಡಿನ ಉದ್ದ, ಅಗಲ, ತೂಕ, ಹಲ್ಲುಗಳ ಸಂಖ್ಯೆ, ಧೂಳಿನ ಪ್ರಮಾಣ, ಎಲ್ಲವನ್ನೂ ನಮೂದಿಸಿದೆ. ಹದಿಮೂರು ಕಾಲಂ ತುಂಬಿದವು. ಷರಾ ಬರೆಯುವಂಥದ್ದೇನೂ ತೋಚಲಿಲ್ಲ. ಖಾಲಿ ಬಿಟ್ಟು ಹದಿನಾರರ ಕಾರ್ಡನ್ನು ಕೊಂಡೆ.

ಭಾನುವಾರ ಬೆಳಿಗ್ಗೆ ಶಾರದೆ, ಪ್ರಿಂಟಾದ ಅಧ್ಯಾಯಗಳನ್ನು ಕೊಟ್ಟು ಬರಲು ಬಾಂದ್ರಾಕ್ಕೆ ಹೊರಟಳು.

“ಮಧ್ಯಾಹ್ನದೊಳಗೆ ಬರ್ತೀನಿ. ಬಂದು ಉಳಿದದ್ದು ಪ್ರಿಂಟ್ ಹಾಕ್ತೀನಿ. ಜ್ಞಾಪಕ ಇದೆಯಲ್ಲ?”

“ನಾನೇನು ಮಗೂನೇ?” ಎಂದೆ.

ಬಾಗಿಲು ಮುಚ್ಚಿದ ಐದನೆಯ ನಿಮಿಷಕ್ಕೆ ಮಗು ಸ್ಕ್ರೂಡ್ರೈವರ್ ಹಿಡಿದು ಕುಳಿತಿತ್ತು. ರಶ್ಮಿ ಪಕ್ಕದಲ್ಲಿ ಟಾರ್ಚು ಹಿಡಿದಳು.

“ಪಪ್ಪಾ, ಮಮ್ಮಿ ಬೈತಾಳೆ.”

“ಬಣ್ಣ ನೋಡಿದ್ರೆ ಬೈಯೋದಿಲ್ಲ, ಪುಟ್ಟಿ. ಮಮ್ಮಿಗೆ ಸರ್‌ಪ್ರೈಸ್.”

ಹಳೆಯ ಕಾರ್ಡು ಸುಲಭವಾಗಿ ಬಂತು. ಹೊಸದು ಸುಲಭವಾಗಿ ಕೂತಿತು. ಇನ್ನು ಮಾನಿಟರಿನ ವೈರು. ಕಾರ್ಡಿನಲ್ಲಿ ಒಂಬತ್ತು ತೂತು, ವೈರಿನ ತುದಿಯಲ್ಲಿ ಒಂಬತ್ತು ಮುಳ್ಳು. ಮೂವತ್ತಾರು ಗುಣಗಳೂ ಕೂಡಿದ ಜಾತಕ! ಇದಕ್ಕಿಂತ ಇನ್ನೇನು ಬೇಕು? ದೇವರಿಗೆ ಕೈಮುಗಿದು ಸ್ವಿಚ್ ಹಾಕಿದೆ.

ಮಾನಿಟರು ಮೊದಲು ಕೀ... ಎಂದು ಸಣ್ಣಗೆ ಕೂಗಿತು. ಪರದೆಯ ಮೇಲೆ ಹಸಿರು ಗೆರೆಗಳು ಅಡ್ಡಡ್ಡ ಓಡಿದವು.

“ಬಣ್ಣ ಬರ್ತಾ ಇದೆ!” ಎಂದೆ.

“ಪಪ್ಪಾ, ಧುಆಂ ಬರ್ತಾ ಇದೆ!” ಎಂದಳು ರಶ್ಮಿ.

ನಿಜ. ಮಾನಿಟರಿನ ನೆತ್ತಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಅದರ ಬಣ್ಣ ಬೂದಿ. ಹದಿನಾರರಲ್ಲಿ ನನಗೆ ಮನೆಯಲ್ಲಿ ನೋಡಲು ಸಿಕ್ಕಿದ್ದು ಅದೊಂದೇ.

ಟಕ್ ಎಂದು ಪರದೆ ಕಪ್ಪಾಯಿತು. ಸ್ವಿಚ್ ಆರಿಸಿ, ಕಿಟಕಿ ತೆಗೆದು, ಟವೆಲ್ಲಿನಿಂದ ಹೊಗೆಯನ್ನು ಹೊರಗೆ ಬೀಸುತ್ತಿದ್ದಾಗ ಎದುರು ಮನೆಯ ದೇಶಪಾಂಡೆ ಬಾಯಿ ಬಾಗಿಲು ಬಡಿದರು.

“ಅಹೋ, ಕಾಯ್ ಜಳತಂಯ್?” ಏನು ಸುಡುತ್ತಿದೆ ಎಂಬ ಸಹಜ ಪ್ರಶ್ನೆ.

ಆಪತ್ಕಾಲದಲ್ಲಿ ಮನುಷ್ಯನ ನಿಜವಾದ ಗುಣ ಹೊರಬರುತ್ತದಂತೆ. ನನ್ನದೂ ಬಂತು. “ಪೋಳಿ! ಮಿಸೆಸ್‌ನೇ ಪೋಳಿ ಜಾಳಲೀ!” ಎಂದುಬಿಟ್ಟೆ. ಮಿಸೆಸ್ಸು ಚಪಾತಿ ಸುಟ್ಟಳು ಎಂದು.

“ವಹಿನಿ ಆತ್ತಾಚ್ ತರ್ ಸ್ಟೇಶನ್‌ಕಡೇ ಗೇಲ್ಯಾ ನಾ?” ಎಂದರು ದೇಶಪಾಂಡೆ ಬಾಯಿ. ಶಾರದೆ ಸ್ಟೇಷನ್ನಿಗೆ ಹೋದದ್ದನ್ನು ಅವರು ಗ್ಯಾಲರಿಯಿಂದಲೇ ನೋಡಿದ್ದರು.

ಒಂದು ಗಂಟೆಗೆ ಶಾರದೆ ಬಂದಳು. ಮೆಟ್ಟಿಲಿನಲ್ಲೇ ಅವಳಿಗೆ ಚಪಾತಿಯ ಸುದ್ದಿ ಸಿಕ್ಕಿತ್ತು. ಒಳಗೆ ಬಂದು, ಬಿಚ್ಚಿದ ಡಬ್ಬ ನೋಡಿದಳು, ಮಾನಿಟರ್ ಮೂಸಿದಳು, ನನ್ನನ್ನು ನೋಡಿದಳು. ನಾನು ತಯಾರಿಯಲ್ಲಿದ್ದೆ. ತುಲನಾ ಪಟ್ಟಿಯನ್ನು ಮುಂದೆ ಹಿಡಿದೆ.

“ನೋಡು, ಎಲ್ಲಾ ಸರಿಯಾಗೇ ಹೋಲಿಸಿದ್ದೆ. ಹದಿಮೂರು ಕಾಲಂ...”

“ನಾನು ಯಾವಾಗ್ರೀ ಚಪಾತಿ ಸುಟ್ಟಿದ್ದು?”

“ಅದು... ಬಾಯಿಗೆ ಬಂದದ್ದು...”

“ಹದಿಮೂರು ವರ್ಷದಲ್ಲಿ ಒಂದು ಚಪಾತಿ ಸುಟ್ಟಿದೀನಾ?”

ಇಲ್ಲ ಎಂದೆ. ಆಗ ಅವಳ ಕಣ್ಣಲ್ಲಿ ನೀರು ಬಂತು. ಚಪಾತಿಗಲ್ಲ. “ಆಯಮ್ಮಂಗೆ ನಾಳೆ ಏನಂತ ಹೇಳ್ಲಿ?” ಎಂದು ಕುರ್ಚಿಯಲ್ಲಿ ಕುಸಿದಳು. ಭಾನುವಾರ. ಗ್ರಾಂಟ್ ರೋಡು ಪೂರ್ತಿ ಬಂದ್. ಮಾನಿಟರ್ ಎಲ್ಲಿಂದ ತರುವುದು? ಅಲ್ಲಿಯವರೆಗೆ ತಮಾಷೆಯಾಗಿದ್ದದ್ದು ಆಗ ತಮಾಷೆಯಾಗಿ ಉಳಿಯಲಿಲ್ಲ. ನನಗೆ ನಾಚಿಕೆಯಾಯಿತು. ತಲೆ ತಗ್ಗಿಸಿ ಟವೆಲ್ಲು ಮಡಿಸಿದೆ. ಬಿಚ್ಚಿ ಮತ್ತೆ ಮಡಿಸಿದೆ.

ಸ್ವಲ್ಪ ಹೊತ್ತಾದ ಮೇಲೆ ಶಾರದೆ ಎದ್ದು, ಮುಖ ತೊಳೆದು ಬಂದು, ಮಾನಿಟರಿನ ವೈರು ಕಿತ್ತು ಪಕ್ಕಕ್ಕಿಟ್ಟು, ಬರೀ ಡಬ್ಬದ ಸ್ವಿಚ್ ಹಾಕಿದಳು.

“ಪರದೆ ಇಲ್ದೆ ಏನು ಕಾಣುತ್ತೆ?” ಎಂದೆ.

“ಸುಮ್ನಿರಿ. ಕೇಳಿಸ್ಕೋಬೇಕು.”

ಡಬ್ಬ ‘ಪೀ’ ಎಂದಿತು. ಫ್ಲಾಪಿ ಹಾಕಿದಳು. ಅದು ಕರಕರ ಎಂದು ತಿರುಗಿ ನಿಂತಿತು. ಅವಳು ಎರಡಕ್ಷರ ಒತ್ತಿ ಕಾದಳು. ಮತ್ತೆ ಕರಕರ. ಫೈಲಿನ ಹೆಸರು ಒತ್ತಿದಳು. ಕಣ್ಣು ಮುಚ್ಚಿಕೊಂಡಿದ್ದಳು! ಬೆರಳು ಮಾತ್ರ ಮೈಸೂರಿನ ಟೈಪಿಂಗ್ ಕ್ಲಾಸಿನಲ್ಲಿತ್ತು. ಒಂದು, ಎರಡು, ಮೂರು ಸಲ ಎಂಟರ್ ಒತ್ತಿದಳು.

ಪ್ರಿಂಟರು ‘ಝೀಂಯ್’ ಎಂದಿತು!

“ಚಾಪ್ಟರ್ ಫೋರ್!” ಎಂದು ರಶ್ಮಿ ಹಾಳೆಯ ತುದಿ ಓದಿ ಕುಣಿದಳು.

“ನೋಡದೇ ಹೇಗೆ ಮಾಡಿದೆ?” ಎಂದೆ ಬೆರಗಾಗಿ.

“ಟೈಪಿಂಗ್ ಕ್ಲಾಸಲ್ಲಿ ನಮಗೆ ಕಲಿಸಿದ್ದೇ ನೋಡ್ಬೇಡಿ ಅಂತ. ನೋಡಿ, ಹೋಲಿಸಿ ಮಾಡೋರ ಗತಿ ಗೊತ್ತಾಯ್ತಲ್ಲ.”

ಸೋಮವಾರ ಬೆಳಿಗ್ಗೆ ಎರಡೂ ಅಧ್ಯಾಯಗಳು ಬಾಂದ್ರಾ ಸೇರಿದವು. ಒಂದು ಪುಟವೂ ಹಿಂದುಮುಂದಾಗಿರಲಿಲ್ಲ.

ಮಂಗಳವಾರ ಕಾರ್ಡನ್ನು ಹಿಡಿದು ದಸ್ತಗೀರ್ ಭಾಯಿಯ ಮುಂದೆ ನಿಂತೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು.

“ನಾ ಮೊದಲ ಕೇಳಿದ್ನಲ್ರೀ ಸಾಹೇಬ್ರ, ಬ್ಲ್ಯಾಕ್ ಅಂಡ್ ವೈಟ್ ಐತೇನು ಅಂತ. ನೀವ್ ಅಲ್ಲ ಅಂದ್ರಿ.”

“ಅಲ್ಲ ಅಂದದ್ದು ಹದಿನಾರಾಣೆ ಸತ್ಯ, ಭಾಯಿ. ಅದು ಹಸಿರು.”

ದಸ್ತಗೀರ್ ಭಾಯಿ ನನ್ನ ಮುಖ ನೋಡಿದರು. ನಗಬಾರದೆಂದು ಮೀಸೆ ಕಚ್ಚಿಕೊಂಡಿದ್ದರು.

“ಯಾ ಅಲ್ಲಾ! ಹಸರು ಒಂದ ಇದ್ರ ಅದೂ ಬ್ಲ್ಯಾಕ್ ಅಂಡ್ ವೈಟ ರೀ! ಕಾರ್ಡ್ ಬಣ್ಣ ಕಳಸ್ತೈತಿ. ತಗೊಳಾಕ ಪರದಿಗೆ ಬರಬೇಕಲ್ಲ? ಅದಕ್ಕ ಕಲರ್ ಮಾನಿಟರೂ ಬೇಕ್ರಿ, ಇಲ್ಲಂದ್ರ ಸುಟ್ಟ ಹೋಗ್ತೈತಿ.”

ಆಫೀಸಿನ ಲಿಫ್ಟು ನುಂಗಿದ್ದ ಅರ್ಧ ವಾಕ್ಯ ಅಂದು ಪೂರ್ತಿಯಾಯಿತು. ಭಾಯಿ ದೊಡ್ಡ ಮನಸ್ಸಿನವರು. ಕಾರ್ಡನ್ನು ವಾಪಸು ಇಟ್ಟುಕೊಂಡು, ಅದರ ಬದಲಿಗೆ ನಮ್ಮ ಹಳೆಯ ಕಾರ್ಡಿಗೆ ಹೊಂದುವ ಒಂದು ಹಳೇ ಮಾನಿಟರ್ ಕೊಟ್ಟರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಸ್ಲೋ ಲೋಕಲ್ಲಿನಲ್ಲಿ ಮಲಾಡಿಗೆ ಬಂದೆ. ಶಾರದೆಯೇ ಜೋಡಿಸಿದಳು. ನನಗೆ ಟಾರ್ಚು ಹಿಡಿಯುವ ಕೆಲಸ ಕೊಟ್ಟಳು.

ಪರದೆ ಬೆಳಗಿತು. ರಶ್ಮಿ ಕಣ್ಣರಳಿಸಿ ಕೂಗಿದಳು:

“ಪಪ್ಪಾ! ಪ್ಲೇನ್ ಆರೆಂಜ್! ಸ್ಕೈ ಭೀ ಆರೆಂಜ್! ಬಾಂಬ್ ಭೀ ಆರೆಂಜ್!”

ಹೀಗೆ ನಮ್ಮ ಮನೆಗೆ ಬಣ್ಣ ಬಂತು.

ಆ ವಾರವೇ ಕಪಾಟಿನಲ್ಲಿ ಏನೋ ಹುಡುಕುವಾಗ ನನ್ನ ತುಲನಾ ಪಟ್ಟಿ ಕೈಗೆ ಸಿಕ್ಕಿತು. ಹದಿಮೂರು ಕಾಲಂಗಳಲ್ಲಿ ನನ್ನ ಕೋಳಿಕಾಲಿನ ಅಕ್ಷರ. ನಾನು ಖಾಲಿ ಬಿಟ್ಟಿದ್ದ ಹದಿನಾಲ್ಕನೆಯ ಷರಾ ಕಾಲಂನಲ್ಲಿ ಮುದ್ದಾದ ಬರಹದಲ್ಲಿ ಎರಡು ಸಾಲು ಇದ್ದವು:

‘ಮಾನಿಟರ್ ಹಸಿರು. ಚಪಾತಿ ಸುಟ್ಟಿರಲಿಲ್ಲ.’

ಕೆಳಗೆ ಸಹಿಗೆ ಜಾಗ ಬಿಟ್ಟಿತ್ತು. ಓದಿ, ಒಪ್ಪಿ, ಸಹಿ ಹಾಕಿದೆ.