ಸಾಹೇಬರ ದನಿ ಇಲ್ಲದ ರೆಕಾರ್ಡಿಂಗ್

ಹೋದ ಸೋಮವಾರ ಬೆಳಿಗ್ಗೆ ಹರಿಹರದಲ್ಲಿ, ರಸ್ತೆ ಗುತ್ತಿಗೆದಾರರ ತಗಡಿನ ಶೆಡ್ಡಿನೊಳಗೆ, ಒಂದು ಓಣಿಯ ಜನರೆದುರು ನನ್ನ ಫೋನು ನನ್ನ ವಿರುದ್ಧವೇ ಸಾಕ್ಷಿ ಹೇಳಿತು. ಏನು, ಎಲ್ಲಿ, ಯಾವಾಗ ಎಂಬುದು ಮೊದಲ ವಾಕ್ಯದಲ್ಲೇ ಬರಬೇಕೆಂದು ದಾವಣಗೆರೆಯ ಪತ್ರಿಕಾ ಕಚೇರಿಯಲ್ಲಿ ಕಲಿತವನು ನಾನು. ಅದಕ್ಕೇ ಅಷ್ಟನ್ನು ಹೇಳಿಬಿಟ್ಟೆ. ಯಾಕೆ ಎಂಬುದಕ್ಕೆ ಸ್ವಲ್ಪ ಜಾಗ ಬೇಕು. ಸಿಟ್ಟಿನಲ್ಲಿ ಬರೆಯಬಾರದೆಂದೂ ಅದೇ ಕಚೇರಿಯಲ್ಲಿ ಕಲಿತಿದ್ದೆ. ಒಂದು ವಾರ ಕಾದು ನೋಡಿದೆ. ಇಳಿಯಲಿಲ್ಲ.

ನನ್ನ ಹಳೆಯ ಫೋನು ಸಭ್ಯವಾಗಿತ್ತು. ಬಂದ ಕರೆ, ಹೋದ ಕರೆ ಎಲ್ಲವನ್ನೂ ತೆಪ್ಪಗೆ ಹಿಡಿದಿಡುತ್ತಿತ್ತು. ನಮ್ಮ ಕಸುಬಿನಲ್ಲಿ ಅದು ಕೊಡೆಯಿದ್ದ ಹಾಗೆ. ದಿನಾ ಬೇಕಾಗುವುದಿಲ್ಲ, ಬೇಕಾದ ದಿನ ಇಲ್ಲದಿದ್ದರೆ ನೆನೆಯುತ್ತೇವೆ. ಅದು ಸತ್ತ ಮೇಲೆ ತಂದ ಹೊಸ ಫೋನಿನಲ್ಲಿ ರೆಕಾರ್ಡಿನ ಗುಂಡಿ ಒತ್ತಿದರೆ ಒಬ್ಬ ಹೆಂಗಸು ಎರಡೂ ಕಡೆಯವರಿಗೆ ಕೇಳುವಂತೆ, ಈ ಕರೆಯನ್ನು ಈಗ ರೆಕಾರ್ಡ್ ಮಾಡಲಾಗುತ್ತಿದೆ ಎಂದು ಸಾರುತ್ತಾಳೆ. ಆಮೇಲೆ ನೋಡಬೇಕು ಜನರ ಬದಲಾವಣೆ. ಅಲ್ಲಿಯವರೆಗೆ 'ಏನೈತ್ರಿ ಸುದ್ದಿ' ಎನ್ನುತ್ತಿದ್ದ ಮನುಷ್ಯ ಥಟ್ಟನೆ ಎದ್ದು ನಿಂತು, ಸದರಿ ವಿಷಯವನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು ಎಂದು ಒದರತೊಡಗುತ್ತಾನೆ. ಮಂಡಕ್ಕಿ ಭಟ್ಟಿಯ ಮಾಲೀಕರೊಬ್ಬರು ಮಂಡಕ್ಕಿ ಬೆಲೆ ಕೇಳಿದ್ದಕ್ಕೂ ಹಾಗೇ ಉತ್ತರಿಸಿದರು.

ಮೊಬೈಲ್ ಅಂಗಡಿಯ ಅಲ್ತಾಫ್ ನನಗೊಂದು ಆ್ಯಪ್ ಹಾಕಿಕೊಟ್ಟ. ಯಾರಿಗೂ ತಿಳಿಯದ ಹಾಗೆ ರೆಕಾರ್ಡ್ ಆಗುತ್ತದೆ, ನಿಶ್ಚಿಂತೆಯಿಂದಿರಿ ಅಂದ. ನನ್ನ ಹೆಂಡತಿ ಸರೋಜಾ ಮಾತ್ರ, ಕೇಳದೆ ಒಬ್ಬರ ಮಾತು ಕದ್ದಿಟ್ಟುಕೊಳ್ಳುವುದಕ್ಕೆ ಏನನ್ನುತ್ತಾರೆ ಎಂದು ಕೇಳಿದಳು. ಪತ್ರಿಕೋದ್ಯಮ ಅಂದೆ. ಹಾಗಾದರೆ ನನ್ನ ಮಾತೂ ಅದರಲ್ಲಿರುತ್ತದೋ ಎಂದಳು. ಆಮೇಲೆ ತಿಳಿದದ್ದೇನೆಂದರೆ, ಅವಳ ಒಂದು ಮಾತೂ ಅದರಲ್ಲಿರಲಿಲ್ಲ. ಹೊಸ ಫೋನುಗಳಲ್ಲಿ ಖಾಸಗಿತನ ಕಾಪಾಡಲೆಂದು ಇಂಥ ಆ್ಯಪ್‌ಗಳಿಗೆ ಆ ಕಡೆಯ ದನಿ ಸಿಗದಂತೆ ದಾರಿ ಮುಚ್ಚಿದ್ದಾರೆ. ಸಿಕ್ಕುವುದು ಈ ಕಡೆಯ ದನಿ ಮಾತ್ರ. ನನ್ನ ಸಂಸಾರ ಅದರಲ್ಲಿ ಹೀಗೆ ದಾಖಲಾಗಿತ್ತು: ಹೂಂ. ಹೂಂ. ತರ್ತೀನಿ. ಹೂಂ. ಮರೆತಿಲ್ಲ. ಹೂಂ.

ಖಾಸಗಿತನ! ಸರೋಜಾ ಅಡುಗೆಮನೆಯಲ್ಲಿ ಕುಕ್ಕರ್ ಹಾಳಾಯಿತು ಅಂದರೆ ಸಂಜೆಯೊಳಗೆ ನನ್ನ ಫೋನಿನಲ್ಲಿ ಕುಕ್ಕರ್ ಜಾಹೀರಾತು ಬರುತ್ತದೆ. ನಾನು ಹರಿಹರದ ದಾರಿಯಲ್ಲಿ ಬಾತಿ ಊರಿನ ಹತ್ತಿರ ಚಹಾ ಕುಡಿಯಲು ನಿಂತರೆ, ಈ ಜಾಗ ಹೇಗಿತ್ತು, ಅಭಿಪ್ರಾಯ ತಿಳಿಸಿ ಎನ್ನುತ್ತದೆ. ನನ್ನ ಖಾಸಗಿತನವನ್ನು ಸಂತೆಯಲ್ಲಿ ಹರಡಿ ಕೂತ ಈ ಯಂತ್ರ, ರಸ್ತೆ ಅಗೆಯುವ ಸಾಹೇಬರೊಬ್ಬರ ಖಾಸಗಿತನಕ್ಕೆ ಮಾತ್ರ ಕೋಟೆ ಕಟ್ಟಿ ಕಾವಲು ನಿಂತಿತು.

ಆ ಸಾಹೇಬರು ಗುತ್ತಿಗೆದಾರರ ಕಡೆಯ ಸೈಟ್ ಎಂಜಿನಿಯರ್. ರಸ್ತೆ ಅಗೆಯುವಾಗ ಓಣಿಯೊಂದರ ನೀರಿನ ಪೈಪು ಒಡೆದಿತ್ತು. ಊರ ಮಗ್ಗುಲಲ್ಲೇ ಹೊಳೆ ಇದ್ದರೂ ಆ ಓಣಿಯವರು ಪಕ್ಕದ ಬೀದಿಯಿಂದ ಕೊಡ ಹೊರುತ್ತಿದ್ದರು. ಒಡೆದ ಜಾಗ ಬ್ಲೌಸ್ ಹೊಲಿಯುವ ಶಾಹಿದಾ ಬಾನು ಅವರ ಮನೆಯ ಮುಂದೆ. ಮೆಟ್ಟಿಲ ಕಲ್ಲು ಕೂರಿಸಲೆಂದು ಅವರ ಮನೆಯವರೂ ಅದೇ ವಾರ ಅಲ್ಲೊಂದು ಸಣ್ಣ ಗುಂಡಿ ತೋಡಿದ್ದರು. ಪೈಪು ಒಡೆದವರು ಯಾರು ಎಂಬುದೇ ಪ್ರಶ್ನೆ. ನಾನು ಎಂಜಿನಿಯರಿಗೆ ಫೋನ್ ಮಾಡಿದೆ.

ಬಾಯಿ ಬಿಡಿಸಬೇಕಾದರೆ ಎದುರಾಡಬಾರದು ಎಂಬುದು ನಮ್ಮ ಕಸುಬಿನ ಹಳೆಯ ಪಾಠ. ಅವರು ಏನೆಂದರೂ ಹೌದೆನ್ನಬೇಕು, ಅವರ ಕಷ್ಟಕ್ಕೆ ಲೊಚಗುಟ್ಟಬೇಕು, ಬೇಕಾದರೆ ಜನರನ್ನು ಎರಡು ಮಾತು ಬೈಯಬೇಕು. ಆಗ ಎದುರಿನವರು ಸಡಿಲಾಗುತ್ತಾರೆ. ಇವರೂ ಸಡಿಲಾದರು. "ನಮ್ ಜೆಸಿಬಿ ಬಕೆಟ್ಟೇ ತಾಗಿದ್ದು ರೀ. ಡ್ರೈವರ್ ನೋಡ್ಲಿಲ್ಲ, ಏನ್ ಮಾಡಾಕಾಗ್ತೈತೆ" ಎಂದು ಅವರ ಬಾಯಿಂದಲೇ ಬಂತು. ಬರೆದೆ, ಅಚ್ಚಾಯಿತು. ಮರುದಿನವೇ ಅವರು ತಾವು ಹಾಗೆ ಹೇಳಿಯೇ ಇಲ್ಲವೆಂದೂ, ಪೈಪು ಒಡೆದದ್ದು ಆ ಮನೆಯವರ ಗುಂಡಿಯಿಂದಲೆಂದೂ, ಅವರೇ ಸರಿಮಾಡಿಸಬೇಕೆಂದೂ ಓಣಿಯಲ್ಲಿ ನಿಂತು ಸಾರಿದರು. ಓಣಿ ನಂಬಿತು. ಬ್ಲೌಸ್ ಕೊಟ್ಟಿದ್ದವರು ಹೊಲಿಯದ ಬಟ್ಟೆಯನ್ನೇ ವಾಪಸ್ ಕೇಳಿಕೊಂಡು ಬಂದರಂತೆ.

ಹೆದರಬೇಡಿ, ನನ್ನ ಹತ್ತಿರ ರೆಕಾರ್ಡಿಂಗ್ ಇದೆ ಎಂದು ಶಾಹಿದಾ ಬಾನು ಅವರಿಗೆ ಹೇಳಿದವನು ನಾನು. ಅದನ್ನು ಒಮ್ಮೆಯೂ ಕೇಳಿನೋಡದೆ ಹೇಳಿದವನೂ ನಾನೇ. ಕೊಡೆ ಇದೆಯೆಂದು ಗೊತ್ತಿದ್ದವನು ಅದನ್ನು ಮನೆಯೊಳಗೆ ಬಿಚ್ಚಿ ನೋಡುವುದಿಲ್ಲ.

ಸೋಮವಾರ ಆ ರೆಕಾರ್ಡಿಂಗ್ ಕೇಳಲೆಂದು ಶೆಡ್ಡಿನಲ್ಲಿ ಓಣಿಯವರೆಲ್ಲ ಸೇರಿದರು. ಎಂಜಿನಿಯರ್ "ಬರ್ರಿ, ಕೂಡ್ರಿ" ಎಂದು ಚಹಾ ತರಿಸಿದರು. ಅವರ ಮುಖ ಬಿಳಿಚಿದ್ದು ನನಗೆ ಹಿತವಾಗಿತ್ತು. ಫೋನನ್ನು ಮೇಜಿನ ಮೇಲಿಟ್ಟು ದನಿ ಪೂರ್ತಿ ಏರಿಸಿದೆ.

"ನಮಸ್ಕಾರ ಸಾಹೇಬ್ರೆ." ನನ್ನ ದನಿ. ಆಮೇಲೆ ಗುಯ್ ಎನ್ನುವ ಮೌನ. "ಅಯ್ಯೋ, ನಿಮ್ದೇನ್ ತಪ್ಪೈತ್ರಿ ಅದ್ರಾಗೆ." ಮೌನ. ನನ್ನ ನಗು. "ನಮ್ ಜನಕ್ಕೆ ಬುದ್ಧಿ ಎಲ್ಲೈತ್ ಬಿಡ್ರಿ." ಮೌನ. "ಹೌದೌದು, ಮನಿ ಮುಂದೆ ಗುಂಡಿ ತೋಡಿದ್ರ ಇನ್ನೇನಾಗ್ತೈತೆ."

ಎಂಜಿನಿಯರರ ಮುಖಕ್ಕೆ ಬಣ್ಣ ಮರಳಿತು. ಚಹಾದ ಲೋಟ ಕೆಳಗಿಟ್ಟು ಓಣಿಯವರ ಕಡೆ ತಿರುಗಿದರು. "ಪೇಪರ್‌ನವ್ರೇ ಹೇಳ್ಯಾರಲ್ರಿ. ನಾನೇನ್ ಬ್ಯಾರೆ ಹೇಳ್ಲಿ?" ಆಮೇಲೆ ನನಗೆ, ಅದನ್ನು ವಾಟ್ಸಾಪ್ ಮಾಡಿರೆಂದರು. ಮಾಡಲಿಲ್ಲ. ಅಷ್ಟರಲ್ಲಿ ಯಾರೋ ಅದನ್ನು ತಮ್ಮ ಫೋನಿನಲ್ಲಿ ಹಿಡಿದುಕೊಂಡಿದ್ದರು. ಹಾಗೆ ಹಿಡಿಯುವುದಕ್ಕೆ ಯಾವ ನಿರ್ಬಂಧವೂ ಇಲ್ಲ.

ನಾನು ಅದೇ ಫೋನಿನಲ್ಲಿ ಅವಸರದಿಂದ ಹುಡುಕಿ ಓದಿ, ಎದ್ದುನಿಂತು ಹೊಸ ಫೋನುಗಳ ನೀತಿ, ಮುಚ್ಚಿದ ದಾರಿ, ಆ್ಯಪ್‌ನ ಮಿತಿ ಎಲ್ಲವನ್ನೂ ವಿವರಿಸಿದೆ. ಆ ಕಡೆಯ ಮಾತು ಇದರಲ್ಲಿ ಬಿದ್ದಿಲ್ಲ, ಅದೇ ಅಸಲಿ ಮಾತು ಅಂದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಶಾಹಿದಾ ಬಾನು ಬಾಗಿಲ ಹತ್ತಿರ ನಿಂತಿದ್ದರು. "ಅಣ್ಣಾ," ಎಂದರು, "ಅವ್ರ ಮಾತು ಫೋನಾಗೆ ಬಿದ್ದಿಲ್ಲ ಅಂತೀರಿ. ಒಪ್ಪಿದೆ. ನಿಮ್ ಮಾತು ಬಿದ್ದೈತಲ್ಲ, ಅದನ್ನ ಯಾಕ್ ಆಡಿದ್ರಿ?"

ಅದು ಬಾಯಿ ಬಿಡಿಸುವ ಉಪಾಯ ಎಂದೆ. ಅವರು ನನ್ನನ್ನೇ ನೋಡುತ್ತಿದ್ದರು. "ನನ್ ಹತ್ರ ಬಂದಾಗ್ಲೂ ಹಿಂಗೇ ಹೌದೌದು ಅಂದ್ರಲ್ಲ" ಎಂದು ಸೆರಗು ಸರಿಪಡಿಸಿಕೊಂಡು ಹೊರಟುಹೋದರು.

ಮಧ್ಯಾಹ್ನ ದಾವಣಗೆರೆಗೆ ಬಂದವನೇ ಅಲ್ತಾಫನ ಅಂಗಡಿಯಲ್ಲಿ ಕೂಗಾಡಿದೆ. ಅವನು ಎರಡೂ ಕಡೆ ರೆಕಾರ್ಡ್ ಆಗುತ್ತದೆಂದು ತಾನು ಹೇಳಿಯೇ ಇಲ್ಲ ಅಂದ. ಹೇಳಿದ್ದಾನೆಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಆ್ಯಪ್ ತೆಗೆಸಿದೆ. ಜೆಸಿಬಿಯ ಮಾತು ನಾನು ಕಿವಿಯಾರೆ ಕೇಳಿದ್ದೇನೆಂದು ಬರೆದು ಸಂಪಾದಕರಿಗೆ ಕೊಟ್ಟೆ. ಅವರು ಅಷ್ಟರಲ್ಲಾಗಲೇ ರೆಕಾರ್ಡಿಂಗ್ ಕೇಳಿದ್ದರು.

ಶನಿವಾರ ಶಾಹಿದಾ ಬಾನು ಅವರ ಮನೆಯವರೇ ಪ್ಲಂಬರ್ ಕರೆಸಿ ಪೈಪು ಜೋಡಿಸಿದರು. ಸಂಜೆ ಓಣಿಗೆ ನೀರು ಬಂತು. ಭಾನುವಾರ ನಮ್ಮ ಪತ್ರಿಕೆಯ ಒಳಪುಟದಲ್ಲಿ, ಜೆಸಿಬಿಯಿಂದ ಪೈಪು ಒಡೆದಿದೆ ಎಂಬ ವರದಿಗೆ ವಿಷಾದ ಸೂಚಿಸುವ ಸ್ಪಷ್ಟನೆ ಪ್ರಕಟವಾಯಿತು. ಬರೆದುಕೊಟ್ಟವನು ನಾನೇ.