ಸುಂದರವ್ವನನ್ನು ಮಾತಾಡಿಸಲು ಹೋಗುವವರಿಗೆ

ಸಾಂತ್ವನ ಶಿಸ್ತು ವಿಭಾಗ, ಸಿಂದಗಿ ತಾಲೂಕು
ಸಂಖ್ಯೆ: ಸಾಂಶಿವಿ/ಚಹಾ/ಕಣ್ಣೀರು/7
ವಿಷಯ: ಸರಗಳ್ಳತನಕ್ಕೊಳಗಾದವರಿಗೆ ಧೈರ್ಯ ಹೇಳಲು ಹೋಗಿ ಇದ್ದ ಧೈರ್ಯವನ್ನೂ ಕಳೆಯುತ್ತಿರುವ ಬಗ್ಗೆ.
ಉಲ್ಲೇಖ: ಕನ್ನೊಳ್ಳಿಯ ಸುಂದರವ್ವ ಅವರ ಖಾಲಿ ಸಕ್ಕರೆ ಡಬ್ಬಿ.

ಸದರಿ ಸುಂದರವ್ವ ಹಾಲು ತರಲು ಹೋದಾಗ, ಬೈಕಿನ ಮೇಲೆ ಬಂದ ಇಬ್ಬರು ಆಕೆಯ ಬೋರಮಾಳ ಸರ ಕಿತ್ತುಕೊಂಡು ಹೋಗಿರುತ್ತಾರೆ. ಅಂದಿನಿಂದ ಬೈಕಿನ ಸದ್ದು ಕೇಳಿದರೆ ಆಕೆ ಬಾಗಿಲು ಮುಚ್ಚುತ್ತಿದ್ದು, ಹೊಸ್ತಿಲು ದಾಟಿಲ್ಲ. ಮೊದಲಿನಂತೆ ಓಣಿಯಲ್ಲಿ ನಡೆದಾಡಬೇಕೆಂಬುದೊಂದೇ ಆಕೆಯ ಆಸೆ. ಕಳ್ಳರು ಬಂದದ್ದು ಒಮ್ಮೆ. ಮಾತಾಡಿಸುವವರು ದಿನಾ ಬರುತ್ತಿದ್ದು, ಬಂದವರಿಗೆಲ್ಲ ಕಥೆ ಹೇಳಿ ಚಹಾ ಕಾಸುವುದೇ ಆಕೆಯ ಪಾಲಿಗೆ ಬಂದಿದೆ. ಆದಕಾರಣ:

1. "ಮೊದಲಿಂದ ಹೇಳ್ರಿ, ಹೆಂಗಾತು?" ಎಂದು ಕೇಳುವುದನ್ನು ನಿಷೇಧಿಸಲಾಗಿದೆ. ತಡವಾಗಿ ಬಂದವರು ಮುಂಚೆ ಬಂದವರಿಂದ ಕಟ್ಟೆಯ ಮೇಲೆ ಕಥೆ ಪಡೆಯತಕ್ಕದ್ದು.

2. "ನಮ್ಮ ಅತ್ತಿಗೂ ಹಿಂಗ ಆಗಿತ್ರಿ, ಆಕಿ ಇನ್ನೂ ಹಾಸಿಗಿ ಬಿಟ್ಟು ಎದ್ದಿಲ್ಲ" ಎಂದು ಧೈರ್ಯ ಹೇಳುವವರು, ಸದರಿ ಅತ್ತೆಯನ್ನು ಎಬ್ಬಿಸಿ ಖುದ್ದು ಹಾಜರುಪಡಿಸತಕ್ಕದ್ದು.

3. ಇಂಡಿ, ಮುದ್ದೇಬಿಹಾಳ ಕಡೆಯ ಬೀಗರು ಬೈಕನ್ನು ಊರ ಅಗಸಿ ಬಾಗಿಲಲ್ಲೇ ನಿಲ್ಲಿಸಿ ನಡೆದು ಬರತಕ್ಕದ್ದು.

4. "ಬ್ಯಾಡ್ರಿ, ಈಗ ಕುಡದು ಬಂದೇವಿ" ಎಂದವರಿಗೆ ಚಹಾ ಕೊಡಲಾಗುವುದಿಲ್ಲ. ಉಪ್ಪಿಟ್ಟಿಗಾಗಿ ಕಾಯುವವರನ್ನು ದುಃಖಿತರೆಂದು ಪರಿಗಣಿಸಲಾಗುವುದಿಲ್ಲ.

5. ಈ ವಿಭಾಗದ ಅಧಿಕಾರಿಗಳು ಜಾಗೃತಿಗಾಗಿ ಸುಂದರವ್ವನ ಬಾಗಿಲಲ್ಲೇ ಸರಗಳ್ಳತನದ ಪ್ರಾತ್ಯಕ್ಷಿಕೆ ನಡೆಸಿ, ಕಳ್ಳನ ಪಾತ್ರದಲ್ಲಿ ಬೈಕಿನಿಂದ ಬಿದ್ದಿರುತ್ತಾರೆ. ಆಕೆ ಒಳಗೆ ಓಡಿ ಅಗಳಿ ಹಾಕಿಕೊಂಡಿದ್ದು ವಿಷಾದನೀಯ. ಅಧಿಕಾರಿಗಳನ್ನು ಮಾತಾಡಿಸಲು ಹೋಗುವವರಿಗೂ ಮೇಲಿನ ನಿಯಮಗಳು ಅನ್ವಯಿಸುತ್ತವೆ.

6. ನೆರೆಮನೆಯ ಅಮೀನಾಬಿ ಮಾತ್ರ ಏನನ್ನೂ ಕೇಳದೆ, ಸುಂದರವ್ವನ ಜೊತೆ ಮೊರದಲ್ಲಿ ಜೋಳ ಹಸನು ಮಾಡುತ್ತ ದಿನಾ ಕುಳಿತಿದ್ದು, ಒಂದು ಮುಂಜಾನೆ ಎದ್ದು, "ನಡಿ ಯಕ್ಕಾ, ಹಾಲು ತರೂಣು. ನೀ ಗ್ವಾಡಿ ಕಡೆ ನಡಿ, ರಸ್ತಾ ಕಡೆ ನಾ ಇರ್ತೇನಿ" ಎಂದಿರುತ್ತಾರೆ. ದಾರಿಯಲ್ಲಿ ಬೈಕೊಂದು ಹಾದುಹೋಗಿದ್ದು, ಇಬ್ಬರೂ ಸ್ವಲ್ಪ ನಿಂತು, ಹಾಲು ತಂದಿರುತ್ತಾರೆ. ಸದರಿ ಕ್ರಮಕ್ಕೆ ಯಾವ ನಿಯಮದಲ್ಲೂ ಅವಕಾಶವಿಲ್ಲ. ಆದರೂ ವಿಭಾಗಕ್ಕೆ ಸಂತೋಷವಾಗಿದೆ. ಕೊಂಚ ನಾಚಿಕೆಯೂ ಆಗಿದೆ.

ಸಹಿ/-
ಶ್ರೀಶೈಲ, ವಿಭಾಗಾಧಿಕಾರಿ
(ಎಡಗೈಯಿಂದ, ಬಲಗೈ ವೈದ್ಯಕೀಯ ರಜೆಯಲ್ಲಿದೆ)

ಪ್ರತಿಗಳು:
ಇನ್ನೂ ಬರಬೇಕಿರುವ ಬಸವನ ಬಾಗೇವಾಡಿಯ ಬೀಗರಿಗೆ: ಹೊರಡುವ ಮುನ್ನವೇ ತಲುಪಿಸುವುದು.
ಕಲಂ 2ರ ಅತ್ತೆಗೆ: ಹಾಸಿಗೆಯ ವಿಳಾಸಕ್ಕೆ.
ಅಮೀನಾಬಿ ಅವರಿಗೆ: ಓದುವ ಅಗತ್ಯವಿಲ್ಲ.
ಸುಂದರವ್ವ ಅವರಿಗೆ: ಜಾರಿಯಾಗದೆ ಮರಳಿದೆ. ಮನೆಗೆ ಕೀಲಿ ಹಾಕಿದ್ದು, ಒಬ್ಬರೇ ಹೊರಗೆ ಹೋಗಿರುತ್ತಾರೆ.